ದಾದಿಯೂ ದಲ್ಲಾಳಿಯೂ

ಕೂಸು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಅದಕ್ಕೆ ಏನು ಹೆಸರಿಡುವುದೆಂಬುದು. 2024ರಲ್ಲಿ ಬೆಂಗಳೂರಿನ ನನ್ನ ಮಗಳ ಮನೆಯಲ್ಲಿ ಹೆಸರಿಗಿಂತ ಮುಂಚೆ ಎದ್ದ ಪ್ರಶ್ನೆ ಬೇರೆಯದು: ರಜೆ ಮುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಾಗಿದೆ. ಐವತ್ತು ಮಂದಿಗೆ ಕಡಮೆಯಿಲ್ಲದೆ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನೆಯ ಏರ್ಪಾಡಿರಬೇಕೆಂದೂ ಅದೇ ತಿದ್ದುಪಡಿ ವಿಧಿಸಿದೆ. ಆದರೆ ಆರು ತಿಂಗಳ ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು ಬೆಂಗಳೂರಿನ ರಸ್ತೆಗಳಲ್ಲಿ ದಿನಕ್ಕೆ ಮೂರು ಗಂಟೆ ಅಲೆಯುವುದು ಹೇಗೆಂಬುದನ್ನು ಯಾವ ಕಾಯಿದೆಯೂ ವಿಧಿಸಲಾರದಷ್ಟೆ. ನನ್ನ ಮನೆಯಾಕೆಗೆ ಮಂಡಿನೋವು; ಬೀಗಿತ್ತಿ ತೀರಿಕೊಂಡು ವರ್ಷಗಳಾದುವು. ಹೊರಗಿನವರನ್ನು ಹುಡುಕದೆ ಗತ್ಯಂತರವಿರಲಿಲ್ಲ.

ನಾನು ಶ್ರೀರಂಗಪಟ್ಟಣದ ಗಂಜಾಮಿನವನು. ಮೂವತ್ತು ವರ್ಷ ಸುತ್ತಣ ತಾಲ್ಲೂಕುಗಳಲ್ಲಿ ಪಾಠ ಹೇಳಿಕೊಂಡಿದ್ದವನು. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ನನ್ನ ಶಿಷ್ಯರಿಲ್ಲದ ಹೋಬಳಿಯಿಲ್ಲ. ನಂಬಿಕೆಯ ಹೆಂಗಸೊಬ್ಬಳನ್ನು ಹುಡುಕುವುದು ನನಗೇನು ಕಷ್ಟವೆಂಬ ಹಮ್ಮು ನನ್ನಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಹದಿನೈದು ದಿನಗಳಲ್ಲಿ ಅದು ಇಳಿಯಿತು. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಹೆಂಗಸರಿಗೆ ನಾಟಿಯುಂಟು, ಕಳೆಯುಂಟು, ಕಬ್ಬಿನ ಕೆಲಸವುಂಟು. ಹೆದ್ದಾರಿಯ ಉದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳುಂಟು. ಬೆಳಗ್ಗೆ ಹೋದವರು ಸಂಜೆಗೆ ಸ್ವಂತ ಒಲೆಯ ಮುಂದೆ ಕೂರುತ್ತಾರೆ. ಪರರ ಮನೆಯಲ್ಲಿ ರಾತ್ರಿ ಕಳೆಯುವ ಕೆಲಸವೆಂದೊಡನೆ ಅವರು ತಲೆಯಲ್ಲಾಡಿಸಿದರು. ಕೃಷ್ಣರಾಜಪೇಟೆಯವರದು ಬೇರೆ ಹಾದಿ. ಆ ಸೀಮೆಯಿಂದ ಮುಂಬಯಿಗೆ ದುಡಿಯಲು ಹೋದವರು ಎಷ್ಟು ಮಂದಿಯೆಂಬುದು 2020ರ ಮೇ ತಿಂಗಳಲ್ಲಿ ಅವರೆಲ್ಲ ಒಮ್ಮೆಗೇ ಊರಿಗೆ ಮರಳಿದಾಗಲಲ್ಲವೆ ಉಳಿದ ನಾಡಿಗೆ ತಿಳಿದದ್ದು? ನಾಗಮಂಗಲದ ಶಿಷ್ಯನೊಬ್ಬನು ಮಾತ್ರ ನೇರವಾಗಿ ಹೇಳಿದ: “ಸಾರ್, ನೀವು ಇಲ್ಲಿ ವಿಚಾರಿಸಿ ಪ್ರಯೋಜನವಿಲ್ಲ. ಹೋಗಬೇಕೆಂದಿರುವವರು ಆಗಲೇ ಏಜೆನ್ಸಿಯವರ ಮೂಲಕ ಹೋಗಿದ್ದಾರೆ.”

ಏಜೆನ್ಸಿ ಎಂಬ ಮಾತನ್ನು ಕೇಳಿ ನಾನು ಮೂಗು ಮುರಿದೆ. ಆಮೇಲೆ ನನ್ನ ಮನೆಯ ಹಳೆಯ ದಿನಗಳು ನೆನಪಾಗಿ ಮೂಗು ತಾನೇ ಸರಿಹೋಯಿತು. ಎಪ್ಪತ್ತರ ದಶಕದಲ್ಲಿ ನನ್ನ ತಮ್ಮ ಹುಟ್ಟಿದಾಗ ನಮ್ಮ ತಂದೆ ಒಬ್ಬ ಹುಡುಗಿಯನ್ನು ಹಳ್ಳಿಯಿಂದ ಕರೆತಂದಿದ್ದರು. ಅವಳಿಗೆ ಹತ್ತು ವರ್ಷವಿದ್ದೀತು. ಊಟ, ಹಬ್ಬಕ್ಕೊಂದು ಲಂಗ, ಮುಂದೆ ಮದುವೆಗೆ ಸಹಾಯ ಮಾಡುತ್ತೇವೆಂಬ ಮಾತು, ಸಂಬಳವೆಂಬುದಿರಲಿಲ್ಲ. ‘ಮನೆಯ ಮಗುವಿನ ಹಾಗೆ ನೋಡಿಕೊಂಡೆವು’ ಎಂದು ನಮ್ಮ ತಾಯಿ ಕೊನೆಯವರೆಗೂ ಹೇಳುತ್ತಿದ್ದರು. ಆದರೆ ಮನೆಯ ಮಕ್ಕಳಾದ ನಾವು ಶಾಲೆಗೆ ಹೋಗುತ್ತಿದ್ದೆವು, ಅವಳು ಹೋಗಲಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ನಮ್ಮಂಥ ಎಷ್ಟು ‘ಸಭ್ಯ’ ಮನೆಗಳ ತೊಟ್ಟಿಲುಗಳನ್ನು ಮಕ್ಕಳೇ ತೂಗಿದರೋ! ವಯಸ್ಸಿಗೆ ಬಂದ ಹೆಂಗಸೊಬ್ಬಳು, ಗೊತ್ತಾದ ಸಂಬಳಕ್ಕೆ, ತನ್ನ ಇಚ್ಛೆಯಿಂದ ಬರುವುದಾದರೆ ಅದನ್ನು ಹಳೆಯ ಪದ್ಧತಿಗಿಂತ ಕೀಳೆನ್ನುವ ಹಕ್ಕು ನನಗಿಲ್ಲ. ಹೀಗೆ ನನ್ನ ಮಗಳು ಬೆಂಗಳೂರಿನ ಒಂದು ಏಜೆನ್ಸಿಗೆ ಹೋದಳು.

ಅವರ ವ್ಯವಹಾರ ಬಹು ಅಚ್ಚುಕಟ್ಟು. ಮೊದಲು ಒಂದು ತಿಂಗಳ ಮೊತ್ತದಷ್ಟು ಶುಲ್ಕ, ಅದರ ಮೇಲೆ ನೂರಕ್ಕೆ 18ರ ತೆರಿಗೆ. ತಿಂಗಳಿಗೆ 24,000 ರೂಪಾಯಿ. ಅದನ್ನು ಏಜೆನ್ಸಿಗೇ ಸಲ್ಲಿಸಬೇಕು, ಹೆಂಗಸಿನ ಕೈಗೆ ಕೊಡಕೂಡದು. ಕರಾರು ಹನ್ನೊಂದು ತಿಂಗಳದು. ಬಳಿಕ ಹೊಸ ಶುಲ್ಕ, ಹೊಸ ಕರಾರು. ಆಧಾರ್ ಚೀಟಿ, ಪೊಲೀಸ್ ಪರಿಶೀಲನೆಯ ಕಾಗದ, ವೈದ್ಯರ ಪತ್ರ ಎಲ್ಲವೂ ಒಂದು ಕಡತದಲ್ಲಿ. ಹೆಂಗಸು ಹಿಡಿಸದಿದ್ದರೆ ಮೂರು ಸಲ ‘ರಿಪ್ಲೇಸ್‌ಮೆಂಟ್’. ಮಿಕ್ಸಿ ಕೊಂಡಾಗ ಕೊಡುವ ಚೀಟಿಯಲ್ಲಿ ಕಂಡಿದ್ದ ಆ ಪದವನ್ನು ಇಲ್ಲಿ ಕಂಡು ನನಗೆ ಸೋಜಿಗವಾಯಿತು.

ಈ ಪದದ ಮೇಲೆ ಒಂದು ಗಳಿಗೆ ನಿಲ್ಲಬೇಕು. ಜಾನ್ ಬೌಲ್ಬಿ ಎಂಬ ಆಂಗ್ಲ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಒಂದು ವರದಿಯನ್ನು ಬರೆದರು. ಎಳೆಯ ಮಗುವಿಗೆ ತಾಯಿಯೊಡನೆ, ಇಲ್ಲವೆ ತಾಯಿಯ ಸ್ಥಾನದಲ್ಲಿ ನಿಂತ ಒಬ್ಬರೊಡನೆ, ಕಡಿದುಹೋಗದ ಅಕ್ಕರೆಯ ನಂಟು ಬೇಕು. ಅದು ತಪ್ಪಿದರೆ ಮಗುವಿನ ಮನಸ್ಸಿಗೆ ಹಾನಿ ಎಂಬುದು ಅದರ ಸಾರ. ಬೌಲ್ಬಿಯವರೇ ದಾದಿಯ ಕೈಯಲ್ಲಿ ಬೆಳೆದವರು. ತಮಗೆ ನಾಲ್ಕು ವರ್ಷವಾಗಿದ್ದಾಗ ಆ ದಾದಿ ಮನೆ ಬಿಟ್ಟು ಹೋದದ್ದನ್ನು ಅವರು ಮುಪ್ಪಿನಲ್ಲಿಯೂ ತಾಯಿಯ ವಿಯೋಗಕ್ಕೆ ಸಮನಾಗಿ ನೆನೆದರಂತೆ. ಅವರ ಕೆಲವು ಮಾತುಗಳನ್ನು ಆಮೇಲಿನ ವಿದ್ವಾಂಸರು ತಿದ್ದಿದ್ದಾರೆ. ಹೊರಗೆ ದುಡಿಯುವ ತಾಯಂದಿರನ್ನು ಹಳಿಯಲು ಆ ವರದಿಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ. ಆದರೂ ಹನ್ನೊಂದನೆಯ ತಿಂಗಳಿಗೆ ಶುಲ್ಕ ವಸೂಲಾಗಬೇಕೆಂಬ ಲೆಕ್ಕಕ್ಕೂ ಕೂಸಿನ ಲೆಕ್ಕಕ್ಕೂ ತಾಳೆಯಿಲ್ಲವೆಂಬುದನ್ನು ತಿಳಿಯಲು ಮನಶ್ಶಾಸ್ತ್ರ ಓದಬೇಕಾಗಿಲ್ಲ.

ಬಂದಾಕೆಗೆ ಇಪ್ಪತ್ತೆಂಟರ ಪ್ರಾಯ. ನಾನು ಮೊದಲ ಸಲ ಹೋದಾಗ ಮೊಮ್ಮಗಳು ಆಕೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಆಕೆ ಗುನುಗುತ್ತಿದ್ದ ಧಾಟಿ ಕಿವಿಗೆ ಪರಿಚಿತವೆನಿಸಿತು.

“ಎಲ್ಲವ್ವ ನಿಮ್ಮೂರು?” ಎಂದೆ.

“ನಾಗ್ಮಂಗ್ಲದ ಕಡೆ ಮೇಷ್ಟ್ರೇ. ಬೆಳ್ಳೂರ್ ಕ್ರಾಸಿಂದ ಒಳಕ್ಕೆ ಹೋಗ್ಬೇಕು.”

ನಾನು ಊರೂರು ಅಲೆದು ಹುಡುಕಿದವಳು ಹೀಗೆ ದಲ್ಲಾಳಿಯ ಕೈಯಿಂದ ಸಿಕ್ಕಿದ್ದಳು. ನಾಗಮಂಗಲ ಮಳೆಯನ್ನು ನಂಬಿದ ಸೀಮೆ. ರಾಗಿ, ಹುರುಳಿ ಆದರೆ ಆಯಿತು. ಗಂಡ ಬಿಟ್ಟುಹೋಗಿದ್ದ. ನಾಲ್ಕು ವರ್ಷದ ಗಂಡುಮಗು ತಾಯಿಯ ಬಳಿ ಊರಿನಲ್ಲಿತ್ತು. ಆಕೆಗೆ ತಿಂಗಳಿಗೆ ಎರಡು ದಿನ ಬಿಡುವು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ, ಹಾಗಾಗಿ ಹೋಗಿಬರಲು ಖರ್ಚಿಲ್ಲ, ಇಲ್ಲದ್ದು ದಿನ.

ಎರಡನೆಯ ತಿಂಗಳೋ ಮೂರನೆಯದೋ, ಒಂದು ಮಧ್ಯಾಹ್ನ ಆಕೆ ಮಡಿಸಿದ ಕಾಗದವೊಂದನ್ನು ತಂದು ನನ್ನ ಮುಂದಿಟ್ಟಳು. “ಇದ್ರಲ್ಲಿ ಏನ್ ಬರ್ದವ್ರೆ ಅಂತ ವಸಿ ಓದಿ ಹೇಳಿ ಮೇಷ್ಟ್ರೇ. ಸೈನು ನಂದೇ, ಓದ್ಕಂಡು ಹಾಕ್ಲಿಲ್ಲ.” ಆಕೆ ಎಸ್ಸೆಸ್ಸೆಲ್ಸಿ ಪಾಸಾದವಳು. ಕರಾರು ಇಂಗ್ಲಿಷಿನಲ್ಲಿತ್ತು, ಕೆಳಗೆ ದುಂಡಗಿನ ಕನ್ನಡದ ಸಹಿ. ನಾನು ಒಂದೊಂದೇ ಕಲಮನ್ನು ಕನ್ನಡಕ್ಕೆ ತಂದು ಹೇಳಿದೆ. ಆಕೆಗೆ ಸಲ್ಲುತ್ತಿದ್ದುದು 16,000 ರೂಪಾಯಿ. ಉಳಿದ 8,000 ತಿಂಗಳು ತಿಂಗಳೂ ‘ನಿರ್ವಹಣಾ ವೆಚ್ಚ’. ಹನ್ನೊಂದು ತಿಂಗಳಿಗೆ 88,000. ಸಂಬಳದ ವಿಷಯವನ್ನು ಮನೆಯವರೊಡನೆ ಆಡಕೂಡದು. ಕರಾರು ಮುಗಿದ ಎರಡು ವರ್ಷದವರೆಗೆ ಅದೇ ಮನೆಯಲ್ಲಿ ಏಜೆನ್ಸಿಯನ್ನು ಬಿಟ್ಟು ದುಡಿಯಕೂಡದು, ದುಡಿದರೆ ದಂಡ. ಕೆಲಸದ ವೇಳೆ ಎಷ್ಟೆಂಬ ಕಲಮು ಮಾತ್ರ ಎಲ್ಲಿ ಹುಡುಕಿದರೂ ಇರಲಿಲ್ಲ.

ಆಕೆ ಸಿಟ್ಟಾಗುವಳೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಡಿ ಮೇಷ್ಟ್ರೇ, ಅವ್ರಿಲ್ದಿದ್ರೆ ನಂಗೆ ಈ ಮನೆ ಯಾರ್ ತೋರ್ಸ್ತಿದ್ರು?” ಎಂದಳು. ಊರಿನಲ್ಲಿ ಆಕೆಯನ್ನು ಹುಡುಕಿ ಸೋತಿದ್ದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ದಲ್ಲಾಳಿಯ ಕೆಲಸಕ್ಕೊಂದು ಬೆಲೆಯುಂಟು, ನಿಜ. ಬೆಲೆಯನ್ನು ಕೊಡಬೇಕಾದವರು ಯಾರು, ಎಷ್ಟು ಸಲ ಎಂಬುದು ಚರ್ಚೆಯಾಗಬೇಕಾದ ವಿಷಯ.

ಇದನ್ನು ಜಗತ್ತು ಚರ್ಚಿಸದೆ ಇಲ್ಲ. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಖಾಸಗಿ ಏಜೆನ್ಸಿಗಳ ಶುಲ್ಕವನ್ನು ಕೆಲಸದವರ ಸಂಬಳದಿಂದ ಮುರಿದುಕೊಳ್ಳಬಾರದೆಂದು ಅದರ 15ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಭಾರತ ಅದರ ಪರವಾಗಿ ಮತ ಹಾಕಿತು; ಆದರೆ ಸ್ಥಿರೀಕರಿಸಲಿಲ್ಲ. ನಮಗೆ ಇದು ಹಳೆಯ ಚಾಳಿ. 1959ರಷ್ಟು ಹಿಂದೆಯೇ ಮನೆಗೆಲಸದವರ ಸೇವಾ ನಿಯಮಗಳನ್ನು ಕುರಿತ ಮಸೂದೆ ಸಂಸತ್ತಿನ ಮುಂದೆ ಬಂದಿತ್ತು, ಕಾಯಿದೆಯಾಗಲಿಲ್ಲ. 2025ರ ಜನವರಿ 29ರಂದು ಸರ್ವೋಚ್ಚ ನ್ಯಾಯಾಲಯವು ಇವರಿಗೊಂದು ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿಯನ್ನು ನೇಮಿಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು. ತಮ್ಮ ಹುಡುಗಿಯರು ದಿಲ್ಲಿಯ ಮನೆಗಳಿಗೆ ಸಾಗಿಹೋಗುವುದನ್ನು ಕಂಡ ಛತ್ತೀಸಗಡವು 2013ರಲ್ಲಿ, ಜಾರ್ಖಂಡವು 2016ರಲ್ಲಿ ಏಜೆನ್ಸಿಗಳನ್ನು ನಿಯಂತ್ರಿಸುವ ಕಾಯಿದೆಗಳನ್ನು ಮಾಡಿಕೊಂಡವು.

ಕರ್ನಾಟಕವು ಈ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟ ರಾಜ್ಯವೆಂಬುದನ್ನು ಹೆಮ್ಮೆಯಿಂದಲೇ ಹೇಳಬಹುದು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲಿ ನಮ್ಮ ಸರ್ಕಾರ ನಿಗದಿಮಾಡಿತು. ಆದರೆ ಇಪ್ಪತ್ತು ವರ್ಷ ಕಳೆದರೂ ನನ್ನ ವಿದ್ಯಾವಂತ ಮಗಳಿಗಾಗಲಿ ಅಳಿಯನಿಗಾಗಲಿ ಅದರ ಸುಳಿವಿರಲಿಲ್ಲ. ನನಗೂ ಇರಲಿಲ್ಲವೆನ್ನಲು ನಾಚಿಕೆಯಾಗುತ್ತದೆ. ಕಾರ್ಖಾನೆಗೆ ಇನ್‌ಸ್ಪೆಕ್ಟರು ಬಂದಾರು. ನಮ್ಮ ಅಡುಗೆಮನೆಗೆ ಬರುವವರು ಯಾರು? 2025ರಲ್ಲಿ ರಾಜ್ಯ ಸರ್ಕಾರ ಸಿದ್ಧಪಡಿಸಿದ ಮಸೂದೆಯ ಕರಡಿನಲ್ಲಿ ಕೆಲಸದವರೂ ಮನೆಯವರೂ ಏಜೆನ್ಸಿಗಳೂ ನೋಂದಾಯಿಸಿಕೊಳ್ಳಬೇಕೆಂಬ ಸೂಚನೆ ಬಂತು. ಮನೆಯವರಿಂದ ಸಂಬಳದ ಮೇಲೆ ನೂರಕ್ಕೆ 5ರವರೆಗೆ ಕ್ಷೇಮನಿಧಿಗೆ ವಂತಿಗೆ ಎತ್ತುವ ಮಾತೂ ಇತ್ತು. ಆ ಸುದ್ದಿ ಬಂದ ವಾರ ನಮ್ಮ ವಾಯುವಿಹಾರದ ಗೆಳೆಯರಲ್ಲಿ ವಂತಿಗೆಯ ವಿಷಯವಾಗಿ ಎದ್ದ ಗೊಣಗಾಟ ಸಾಮಾನ್ಯವಲ್ಲ. ಏಜೆನ್ಸಿಗೆ ನೂರಕ್ಕೆ ಮೂವತ್ತಮೂರು ತೆರುವವರು ನಿಧಿಗೆ ಐದು ಕೊಡಲು ಗೊಣಗುವುದು ನನಗೆ ವಿಚಿತ್ರವಾಗಿ ಕಂಡಿತು.

ನಮ್ಮೂರ ಕಾವೇರಿಯ ದಡದಲ್ಲಿ ಹಳೆಯ ಯೂರೋಪಿಯನ್ನರ ಗ್ಯಾರಿಸನ್ ಸ್ಮಶಾನವಿದೆ. ಸಂಜೆಯ ಹೊತ್ತು ನಾನು ಆ ಕಡೆ ಹೋಗುವುದುಂಟು. ಅಧಿಕಾರಿಗಳೊಡನೆ ಅವರ ಮಡದಿ ಮಕ್ಕಳೂ ಅಲ್ಲಿ ಮಲಗಿದ್ದಾರೆ. ಆ ಮಕ್ಕಳನ್ನು ಎತ್ತಿ ಆಡಿಸಿದವರು ಯಾರೋ, ಕಲ್ಲುಗಳು ಹೇಳುವುದಿಲ್ಲ. ‘ಆಯಾ’ ಎಂಬ ಶಬ್ದ ಪೋರ್ತುಗೀಸರಿಂದ ಬಂದು, ಆಂಗ್ಲರ ಮನೆಗಳಲ್ಲಿ ನೆಲೆಯೂರಿತು. ಸ್ವದೇಶಕ್ಕೆ ಮರಳುವ ದೊರೆಸಾನಿಯರು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಒಯ್ದು, ಲಂಡನ್ನಿನಲ್ಲಿ ಇಳಿದ ಮೇಲೆ ಕೈಬಿಡುತ್ತಿದ್ದುದುಂಟು. ಅಂಥವರಿಗಾಗಿ ಮಿಷನರಿಗಳು ಅಲ್ಲೊಂದು ‘ಆಯಾಗಳ ಮನೆ’ಯನ್ನು ನಡೆಸಿದರು; 1900ರಲ್ಲಿ ಅದು ಹ್ಯಾಕ್ನಿಗೆ ಬಂತು. ಭಾರತಕ್ಕೆ ಹೊರಟ ಬೇರೊಂದು ಕುಟುಂಬವನ್ನು ಹುಡುಕಿ, ಆಯಾಳನ್ನು ಅವರ ಸೇವೆಗೆ ಒಪ್ಪಿಸಿ ಊರಿಗೆ ಕಳಿಸುವುದು ಅದರ ಕೆಲಸ. 2022ರಲ್ಲಿ ಆ ಮನೆಯ ಗೋಡೆಗೆ ನೀಲಿಯ ಸ್ಮಾರಕ ಫಲಕ ಹಾಕಿದರು. ಅದೂ ಒಂದು ಏಜೆನ್ಸಿಯೇ. ಆದರೆ ಹೆಂಗಸನ್ನು ಊರು ಮುಟ್ಟಿಸುವುದನ್ನು ತನ್ನ ಹೊಣೆಯೆಂದುಕೊಂಡಿತ್ತು. ನಮ್ಮ ಕಡತದಲ್ಲಿ ಅಂಥದೊಂದು ಸಾಲು ಇರಲಿಲ್ಲ.

ಇನ್ನೊಂದು ಮಗುವಿನ ಮಾತು ಬಾಕಿಯಿದೆ. ದೂರದ ಮಗುವನ್ನು ನೋಡಿಕೊಳ್ಳಲು ಹೋದ ತಾಯಿಯ ಮಗುವನ್ನು ಅಜ್ಜಿ ನೋಡಿಕೊಳ್ಳುವುದು, ಅಜ್ಜಿಯ ಕೆಲಸ ಇನ್ನಾರ ತಲೆಗೋ ಬೀಳುವುದು, ಇದನ್ನು ಅಮೆರಿಕದ ಸಮಾಜವಿಜ್ಞಾನಿ ಆರ್ಲಿ ಹಾಕ್‌ಶೀಲ್ಡ್ 2000ದಲ್ಲಿ ಆರೈಕೆಯ ಸರಪಳಿ ಎಂದು ಕರೆದರು. ಅವರು ಕಂಡದ್ದು ದೇಶದೇಶಗಳ ನಡುವಣ ಸರಪಳಿ. ನಮ್ಮದು ಬೆಳ್ಳೂರು ಕ್ರಾಸಿನಿಂದ ಬೆಂಗಳೂರಿನವರೆಗಿನದು, ಎರಡೂವರೆ ಗಂಟೆಯ ಬಸ್ಸಿನ ದಾರಿ. ಊರಿನಲ್ಲಿ ಅಂಗನವಾಡಿಯಿದೆ, 1975ರಲ್ಲಿ ಆರಂಭವಾದ ಆ ಯೋಜನೆ ನಮ್ಮ ಹಳ್ಳಿಗಳಿಗೆ ಮಾಡಿದ ಉಪಕಾರ ದೊಡ್ಡದು. 2023ರ ಜುಲೈ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಯನ್ನೂ ಘೋಷಿಸಿದರು, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ. ಇವೆಲ್ಲ ಸಂಜೆಗೆ ಮರಳುವ ತಾಯಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡುಗಳು. ಹದಿನೈದು ದಿನಕ್ಕೊಮ್ಮೆ ಮರಳುವವಳನ್ನು ಯಾವ ಯೋಜನೆಯೂ ಇನ್ನೂ ಕಂಡಂತಿಲ್ಲ.

ಮಗಳಿಗೆ ನಾನು ಕರಾರಿನ ವಿಷಯ ಹೇಳಿದಾಗ ಅವಳ ಮುಖ ಸಣ್ಣದಾಯಿತು. “ಅಪ್ಪ, ನಾನು ಕೊಡೋದೆಲ್ಲ ಅವರಿಗೇ ಹೋಗುತ್ತೆ ಅಂದ್ಕೊಂಡಿದ್ದೆ,” ಎಂದಳು. ಏಜೆನ್ಸಿಗೆ ಫೋನು ಮಾಡಿ ಕೇಳಿದ್ದಕ್ಕೆ ಬಹು ನಯವಾದ ಉತ್ತರ ಬಂತು: ನಿಮಗೆ ತೊಂದರೆಯಾಗಿದ್ದರೆ ನಾಳೆಯೇ ಬೇರೆಯವರನ್ನು ಕಳಿಸುತ್ತೇವೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಮಾತು ಬೆಳೆಸಿದರೆ ಆಕೆ ಕೆಲಸ ಕಳೆದುಕೊಳ್ಳುವಳು, ಕೂಸು ಆಕೆಯನ್ನು ಕಳೆದುಕೊಳ್ಳುವುದು. ಸುಮ್ಮನಿದ್ದರೆ ನಾವು ನಮ್ಮ ಮಾನವನ್ನು ಕಳೆದುಕೊಳ್ಳುವೆವು. ನಾವು ಸುಮ್ಮನಿದ್ದೆವು. ಬಿಡುವನ್ನು ಮಾತ್ರ ತಿಂಗಳಿಗೆ ನಾಲ್ಕು ದಿನಕ್ಕೆ ಏರಿಸಿ, ಬಾಯಿ ಮುಚ್ಚಿಕೊಂಡು ಹನ್ನೊಂದು ತಿಂಗಳನ್ನು ಮುಗಿಸಿದೆವು.

2025ರ ಆಷಾಢದಲ್ಲಿ ಕರಾರು ಮುಗಿಯಿತು. ಎರಡು ವರ್ಷ ಆ ಮನೆಯಲ್ಲಿ ದುಡಿಯಕೂಡದೆಂಬ ಕಲಮನ್ನು ವಕೀಲ ಮಿತ್ರರೊಬ್ಬರಿಗೆ ತೋರಿಸಿದೆ. ಅವರು 1872ರ ಕರಾರು ಕಾಯಿದೆಯ 27ನೆಯ ಪ್ರಕರಣವನ್ನು ತೆರೆದು, ಒಬ್ಬರು ನ್ಯಾಯವಾದ ಉದ್ಯೋಗ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು ಎಂದರು. ನೂರೈವತ್ತು ವರ್ಷದಿಂದ ಈ ಸಾಲು ಪುಸ್ತಕದಲ್ಲಿದೆ. ಇಂಗ್ಲಿಷು ಬಾರದೆ ಸಹಿ ಹಾಕಿದವಳಿಗೆ ಅದು ತಲುಪುವುದು ಹೇಗೆ? ಅಂತೂ ಏಜೆನ್ಸಿಯಿಂದ ಎರಡು ಬೆದರಿಕೆಯ ಪತ್ರಗಳು ಬಂದುವು, ಮೂರನೆಯದು ಬರಲಿಲ್ಲ.

ಈಗ ಆಕೆ ನನ್ನ ಮಗಳ ಮನೆಯಲ್ಲಿ ನೇರವಾಗಿ ಕೆಲಸಕ್ಕಿದ್ದಾಳೆ. ಕರಾರನ್ನು ನಾನೇ ಕನ್ನಡದಲ್ಲಿ ಬರೆದೆ. ಬರೆಯಲು ಕುಳಿತಾಗ ಗೊತ್ತಾಯಿತು ಅದೆಷ್ಟು ಕಷ್ಟವೆಂದು. ಸಂಬಳ, ಬ್ಯಾಂಕಿನ ಖಾತೆ, ವಾರದ ಬಿಡುವು, ಜ್ವರ ಬಂದರೆ ಔಷಧ, ಹಬ್ಬಕ್ಕೆ ಊರು: ಇವೆಲ್ಲ ಸುಲಭವಾಗಿ ಸಾಗಿದುವು. ರಾತ್ರಿ ಕೂಸು ಎದ್ದು ಅತ್ತರೆ ಏಳಬೇಕಾದವರು ಯಾರೆಂಬಲ್ಲಿ ಮಗಳಿಗೂ ಆಕೆಗೂ ಸ್ವಲ್ಪ ಜಗ್ಗಾಟವಾಗಿ, ವಾರದಲ್ಲಿ ಮೂರು ರಾತ್ರಿ ಮಗಳು, ಒಂದು ರಾತ್ರಿ ಅಳಿಯ ಎಂದು ತೀರ್ಮಾನವಾಯಿತು. ಅಳಿಯನ ರಾತ್ರಿ ಆಗಾಗ ತಪ್ಪುತ್ತದೆಂದು ವರದಿ. ಆಕೆಯ ಹುಡುಗ ಒಂದನೆಯ ತರಗತಿಗೆ ಸೇರುವ ವಯಸ್ಸಿಗೆ ಬಂದಿದ್ದಾನೆ. ಅವನನ್ನು ಬೆಂಗಳೂರಿಗೆ ಕರೆತಂದರೆ ಎಲ್ಲಿಡುವುದು, ಊರಿನಲ್ಲಿಯೇ ಬಿಟ್ಟರೆ ಎಷ್ಟು ದಿನ ಬಿಡುವುದು ಎಂದು ಹೋದ ಸಲ ನಾಲ್ವರೂ ಕುಳಿತು ಮಾತಾಡಿದೆವು. “ಅಜ್ಜಿ ತಾವ್ಲೇ ಇರ್ಲಿ ಬುಡಿ ಮೇಷ್ಟ್ರೇ” ಎಂದು ಆಕೆ ಎದ್ದು ಹೋಗಿ, ಒಳಗೆ ಎದ್ದಿದ್ದ ನನ್ನ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಆ ಕಲಮನ್ನು ನಾನು ಇನ್ನೂ ಬರೆದಿಲ್ಲ.