ರುಜೆ ಬಂದಾಕ್ಷಣ ಸಲ್ಲೇಖನವೇ?

ಸಮಂತಭದ್ರಾಚಾರ್ಯರಿಗೆ ಭಸ್ಮಕ ರೋಗ ಬಂದ ಕಥೆ ನಮ್ಮ ಪರಂಪರೆಯಲ್ಲಿ ಎಲ್ಲರಿಗೂ ಗೊತ್ತು. ಎಷ್ಟು ಉಂಡರೂ ತೀರದ ಹಸಿವು. ದಿನಕ್ಕೊಮ್ಮೆ ಅಂಗೈಯಲ್ಲಿ ಆಹಾರ ಸ್ವೀಕರಿಸುವ ಮುನಿಗೆ ಅದಕ್ಕಿಂತ ಕಠೋರವಾದ ವ್ಯಾಧಿ ಇರಲಾರದು. ವ್ರತಭಂಗಕ್ಕಿಂತ ಸಲ್ಲೇಖನವೇ ಲೇಸೆಂದು ಅವರು ಗುರುಗಳ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಧರ್ಮಕ್ಕೆ ನಿನ್ನಿಂದ ಆಗಬೇಕಾದ ಕೆಲಸ ಬಹಳವಿದೆ, ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಕಳೆದುಕೊ ಎಂದು ಕಳುಹಿಸಿದರು. ಸಮಂತಭದ್ರರು ವೇಷ ಬಿಟ್ಟರು, ಉಂಡರು, ಗುಣಮುಖರಾಗಿ ಮತ್ತೆ ದೀಕ್ಷೆ ಪಡೆದರು.

ಸಲ್ಲೇಖನಕ್ಕೆ ನಾವು ಇಂದಿಗೂ ಆಧಾರವಾಗಿ ಹಿಡಿಯುವ ವ್ಯಾಖ್ಯೆ ‘ರತ್ನಕರಂಡ ಶ್ರಾವಕಾಚಾರ’ದಲ್ಲಿದೆ. ಅದರ ಕರ್ತೃ ಇದೇ ಸಮಂತಭದ್ರರು. ಉಪಸರ್ಗ, ದುರ್ಭಿಕ್ಷ, ಜರೆ, ರುಜೆ ಎಂಬ ನಾಲ್ಕು ಸಂದರ್ಭಗಳನ್ನು ಹೇಳುವಾಗ ಅವರು ಒಂದು ನಿಬಂಧನೆಯನ್ನೂ ಇಟ್ಟಿದ್ದಾರೆ: ಪ್ರತೀಕಾರವೇ ಇಲ್ಲದಂತಹ ಸ್ಥಿತಿ ಬಂದಿರಬೇಕು. ನಮ್ಮ ಪ್ರವಚನಗಳಲ್ಲಿ ನಾಲ್ಕೂ ಹೆಸರುಗಳು ಕೇಳಿಬರುತ್ತವೆ; ನಿಬಂಧನೆ ಮಾತ್ರ ಎಲ್ಲೋ ಉಳಿದುಹೋಗುತ್ತದೆ.

ಇದನ್ನು ಈಗ ಹೇಳಲು ಕಾರಣವಿದೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಊರಿನಿಂದ ಬರುವ ಕರೆಗಳಲ್ಲಿ ಅರ್ಬುದದ ಸುದ್ದಿ ಅಪರೂಪವಲ್ಲ. ಪರೇಲಿನ ಆಸ್ಪತ್ರೆಯ ಸಮೀಪ ತಂಗಲು ಸ್ಥಳ ಬೇಕು, ಜೊತೆಗೆ ಓಡಾಡುವವರು ಬೇಕು. ರೋಗಪತ್ತೆಯಾದ ಮೊದಲ ದಿನಗಳಲ್ಲಿ ರೋಗಿ ಆಡುವ ಮಾತುಗಳಲ್ಲಿ ಹೆಚ್ಚಿನವು ಭಯದಿಂದ ಹುಟ್ಟಿದವು. ಆಸ್ಪತ್ರೆಯ ಬಿಲ್ಲು, ಮಗನ ಸಾಲ, ಸೊಸೆಯ ರಜೆ ಎಲ್ಲವೂ ಆ ಮಾತಿನೊಳಗೆ ಸೇರಿಕೊಂಡಿರುತ್ತವೆ. ವಿಧವೆಯಾದ ಹಿರಿಯ ಶ್ರಾವಿಕೆ ‘ನನಗಿನ್ನು ಸಾಕಪ್ಪ’ ಎಂದರೆ, ಅದು ವೈರಾಗ್ಯವೋ ಮನೆಯವರಿಗೆ ಭಾರವಾಗುವ ಸಂಕೋಚವೋ ಎಂದು ಕೇಳುವ ವ್ಯವಧಾನ ಯಾರಿಗಿದೆ? ಸಲ್ಲೇಖನದ ಐದು ಅತಿಚಾರಗಳಲ್ಲಿ ಬದುಕುವ ಆಸೆಯ ಪಕ್ಕದಲ್ಲೇ ಸಾಯುವ ಆಸೆಯೂ ಇದೆ. ನೋವು ತಾಳಲಾರದೆ ಸಾವನ್ನು ಬಯಸುವುದು ಮರಣಾಶಂಸೆ. ಅದನ್ನು ಸಮಾಧಿಮರಣವೆಂದು ಫಲಕ ಹಾಕಿ ಮೆರೆಸುವುದು ವ್ರತಕ್ಕೇ ಅಪಚಾರ.

ಗಂಭೀರವಾದ ಕಾಯಿಲೆ ಮನುಷ್ಯನನ್ನು ಬದಲಿಸುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ವರ್ಷಗಟ್ಟಲೆ ಮಾತುಬಿಟ್ಟ ತಮ್ಮನಿಗೆ ಕರೆಮಾಡಿ ಕ್ಷಮೆ ಕೇಳಿದವರಿದ್ದಾರೆ. ಆಸ್ತಿಯ ವ್ಯಾಜ್ಯವನ್ನು ಒಂದೇ ಸಂಜೆಯಲ್ಲಿ ಬಿಟ್ಟುಕೊಟ್ಟವರಿದ್ದಾರೆ. ಕಷಾಯಗಳು ಕೃಶವಾಗುವುದೆಂದರೆ ಇದೇ. ಆದರೆ ಇದಕ್ಕೆ ಕಾಲ ಬೇಕು, ತಿಳಿಯಾದ ಮನಸ್ಸು ಬೇಕು. ಬೆಳಗಾವಿ ಸೀಮೆಯ ಭೋಜದವರಾದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡಾಗ ಅವರ ದೃಷ್ಟಿ ತೀರಾ ಮಂದವಾಗಿತ್ತು. ಜೀವಹಿಂಸೆಯಾಗದಂತೆ ಹೆಜ್ಜೆಯಿಡುವ ಮುನಿಧರ್ಮವೇ ಅಸಾಧ್ಯವಾಗತೊಡಗಿತ್ತು. ಅದರ ಹಿಂದೆ ದಶಕಗಳ ಸಾಧನೆಯಿತ್ತು. ಆ ಉದಾಹರಣೆಯನ್ನು ಕಳೆದ ವಾರ ವರದಿ ಕೈಗೆ ಬಂದ ಗೃಹಸ್ಥನ ಮೇಲೆ ಹೇರುವುದು ನ್ಯಾಯವಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಗೆ ಸಮನೆಂದಾಗ ನಾವು ಬೀದಿಗಿಳಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆ ಹೋರಾಟ ಸರಿಯಾಗಿಯೇ ಇತ್ತು. ಆದರೆ ಅದೇ ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್‌ನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, ಚೇತರಿಕೆಯ ಆಸೆಯೇ ಇಲ್ಲದಾಗ ಯಂತ್ರಗಳಿಂದ ಜೀವ ಎಳೆಯಬಾರದೆಂದು ಮುಂಚಿತವಾಗಿ ಬರೆದಿಡುವ ಅವಕಾಶ ಕೊಟ್ಟಾಗ ನಮ್ಮ ಸಂಘಗಳು ಮೌನವಾಗಿದ್ದವು. 2023ರಲ್ಲಿ ಕ್ರಮ ಸರಳವಾಯಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಇದು ಸಲ್ಲೇಖನವಲ್ಲ, ವ್ರತವೂ ಅಲ್ಲ. ಆದರೆ ಆರೋಗ್ಯವಾಗಿರುವಾಗಲೇ ತನ್ನ ಅಂತ್ಯದ ಬಗ್ಗೆ ಯೋಚಿಸಿ ಮನೆಯವರೊಡನೆ ಮಾತಾಡುವ ಅಭ್ಯಾಸ ಜೈನರಿಗಿಂತ ಬೇರೆ ಯಾರಿಗೆ ಹತ್ತಿರವಾದೀತು? ಅಂದು ಮೆರವಣಿಗೆಯಲ್ಲಿ ನಡೆದವರಲ್ಲಿ ಎಷ್ಟು ಮಂದಿ ಆ ಪತ್ರವನ್ನು ಬರೆದಿದ್ದಾರೆ?

ಇನ್ನು ನೋವಿನ ಮಾತು. ಮೂಳೆಗೆ ಹರಡಿದ ಅರ್ಬುದದ ನೋವಿನಲ್ಲಿ ಹೊರಳಾಡುವವನಿಗೆ ಸಮತಾಭಾವವನ್ನು ಬೋಧಿಸುವುದು ಕ್ರೌರ್ಯ. ಮಾರ್ಫಿನ್ ಕೊಟ್ಟರೆ ವ್ರತ ಕೆಡುತ್ತದೆ, ಚಟ ಹತ್ತುತ್ತದೆ ಎಂಬ ಹೆದರಿಕೆ ನಮ್ಮವರಲ್ಲಿ ಇನ್ನೂ ಇದೆ. ವೈದ್ಯರ ನಿಗಾದಲ್ಲಿ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವನ್ನು ಇಳಿಸುತ್ತದೆ. ನೋವು ಇಳಿದರೇ ಣಮೋಕಾರ ಮಂತ್ರ ನಾಲಗೆಗೆ ಬರುವುದು. ಮುಂಬಯಿಯಲ್ಲಿ 1986ರಲ್ಲೇ ಶಾಂತಿ ಅವೇದನಾ ಸದನ ಆರಂಭವಾಯಿತು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ಅಹಿಂಸೆಯ ಹೆಸರು ಹೇಳುವ ನಾವು ಪಿಂಜರಾಪೋಳುಗಳನ್ನು ಕಟ್ಟಿದ್ದೇವೆ. ವೃದ್ಧ ಎತ್ತಿಗೆ ನೆರಳು ಕೊಟ್ಟ ಸಮಾಜ ಹಾಸಿಗೆ ಹಿಡಿದ ಶ್ರಾವಕನ ಮನೆಗೆ ಒಬ್ಬ ದಾದಿಯನ್ನು ಕಳುಹಿಸಲಾರದೇ? ಒಂದು ಕಲಶದ ಸವಾಲಿನಲ್ಲಿ ಕೂಗುವ ಮೊತ್ತ ಇಬ್ಬರು ದಾದಿಯರ ವರ್ಷದ ಸಂಬಳಕ್ಕೆ ಸಾಕಾದೀತು.

ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳ ಸಂಘಗಳ ಮುಂದೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಗೃಹಸ್ಥರೊಬ್ಬರು ರೋಗದ ಕಾರಣ ಸಲ್ಲೇಖನ ಬಯಸಿದರೆ, ಮನೆಯವರಲ್ಲದ ಒಬ್ಬ ಹಿರಿಯರೂ ಒಬ್ಬ ವೈದ್ಯರೂ ಅವರೊಡನೆ ಏಕಾಂತದಲ್ಲಿ ಮಾತಾಡಲಿ. ಚಿಕಿತ್ಸೆಗೆ ಹಣವಿಲ್ಲದಿರುವುದೇ ಕಾರಣವಾದರೆ ಹಣ ಒದಗಿಸಲಿ. ಅವಧಿ ಗೊತ್ತುಪಡಿಸಿದ ನಿಯಮ ಸಲ್ಲೇಖನ ನಮ್ಮ ಶಾಸ್ತ್ರದಲ್ಲೇ ಇದೆ. ಅವಧಿ ಮೀರಿ ಜೀವ ಉಳಿದರೆ ಮತ್ತೆ ಉಣ್ಣಬಹುದು, ಅದರಿಂದ ಯಾವ ಅವಮಾನವೂ ಇಲ್ಲವೆಂದು ರೋಗಿಗೂ ನೆಂಟರಿಗೂ ಮೊದಲೇ ತಿಳಿಹೇಳಲಿ. ಉಸಿರಾಡುತ್ತಿರುವವರ ಭಾವಚಿತ್ರವನ್ನು ಫ್ಲೆಕ್ಸಿನಲ್ಲಿ ಮುದ್ರಿಸುವುದು ಈ ಪರ್ಯೂಷಣಕ್ಕೆ ಮೊದಲೇ ನಿಲ್ಲಲಿ.