ಚಾವಣಿಯ ತಾಪವೂ ತೆರಿಗೆಯ ರಿಯಾಯಿತಿಯೂ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದ ಚೆನ್ನೈ ಕನ್ನಡಿಗ ಹಿರಿಯರು ಅಲ್ಲಿನ ಅನೇಕ ಸಂಗತಿಗಳೊಡನೆ ಒಂದು ವಿಚಾರವನ್ನು ಸ್ವಲ್ಪ ಅಚ್ಚರಿಯಿಂದಲೇ ಹೇಳುವುದುಂಟು. ಮನೆಯ ಹಳೆಯ ಕಿಟಕಿಗಳನ್ನು ಬದಲಾಯಿಸಿದರೆ, ಅಟ್ಟಕ್ಕೆ ಉಷ್ಣನಿರೋಧಕ ಹೊದಿಕೆ ಹಾಕಿಸಿದರೆ, ಆ ವೆಚ್ಚದ ಒಂದು ಭಾಗವನ್ನು ಅಲ್ಲಿಯ ಸರ್ಕಾರ ಆದಾಯ ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು ಎಂಬುದೇ ಆ ವಿಚಾರ. ಇದು ಇತ್ತೀಚಿನ ಔದಾರ್ಯವೇನೂ ಅಲ್ಲ. ತೈಲದ ಬಿಕ್ಕಟ್ಟಿನ ದಿನಗಳಲ್ಲಿ, 1978ರಷ್ಟು ಹಿಂದೆಯೇ, ಕಾರ್ಟರ್ ಅವರ ಆಡಳಿತದಲ್ಲಿ ಇಂತಹ ಕಾಯ್ದೆಯೊಂದು ಅಂಗೀಕೃತವಾಗಿತ್ತು. 2022ರ ಕಾಯ್ದೆಯೊಂದು ಈ ರಿಯಾಯಿತಿಯನ್ನು ವೆಚ್ಚದ ಶೇಕಡಾ 30ರವರೆಗೆ ಏರಿಸಿತು. 2025ರ ಜುಲೈ ತಿಂಗಳ ಮತ್ತೊಂದು ಕಾಯ್ದೆ ಅದನ್ನು ಅದೇ ವರ್ಷದ ಡಿಸೆಂಬರ್ 31ಕ್ಕೆ ಮುಕ್ತಾಯಗೊಳಿಸಿತು.

ಅಂತಹ ರಿಯಾಯಿತಿ ಈ ದೇಶದಲ್ಲಿಯೂ ಇರಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಆದರೆ ಉತ್ತರ ಹೇಳುವುದಕ್ಕೆ ಮೊದಲು ಆ ರಿಯಾಯಿತಿಯ ಸ್ವರೂಪವನ್ನು ಅರಿಯುವುದು ಅಗತ್ಯ. ಭಾರತದ ತೆರಿಗೆದಾರರಿಗೆ ಪರಿಚಿತವಾದ ವಿನಾಯಿತಿ ಆದಾಯದಿಂದ ಕಳೆಯುವಂಥದು. ಅಮೆರಿಕದ್ದು ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವಂಥದು. ಆದ್ದರಿಂದಲೇ ಅದು ಹೆಚ್ಚು ಬೆಲೆಯುಳ್ಳದ್ದು. ಆದರೆ ಅದರಲ್ಲಿ ಒಂದು ಕೊರತೆಯಿತ್ತು. ಕಟ್ಟಬೇಕಾದ ತೆರಿಗೆಯೇ ಇಲ್ಲದವನಿಗೆ ಅದರಿಂದ ಒಂದು ಕಾಸೂ ಬರುತ್ತಿರಲಿಲ್ಲ. ಅಲ್ಪ ಆದಾಯದವನ ಮನೆಯ ಗೋಡೆ ಎಷ್ಟು ಸೋರಿದರೂ ಆ ರಿಯಾಯಿತಿ ಅಲ್ಲಿಗೆ ತಲಪುತ್ತಿರಲಿಲ್ಲ.

ಈ ಕೊರತೆಯೇ ಚೆನ್ನೈಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಬ್ಯಾಂಕು, ರೈಲ್ವೆ, ಶಾಲೆ, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗ ಸಂಸಾರಗಳಲ್ಲಿ ಬಹುತೇಕರಿಗೆ ಇಂದು ಆದಾಯ ತೆರಿಗೆಯ ಹೊರೆಯೇ ಇಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಗಳವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳದು. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ, ಸಾಲ ಮಾಡಿ ಸ್ವಂತ ವಾಸದ ಮನೆಯನ್ನು ದುರಸ್ತಿ ಮಾಡಿಸಿದ ಪಕ್ಷದಲ್ಲಿ, ಬಡ್ಡಿಯ ಬಾಬಿನಲ್ಲಿ ವರ್ಷಕ್ಕೆ 30,000 ರೂಪಾಯಿಗಳವರೆಗೆ ವಿನಾಯಿತಿ ಉಂಟು. ಅದು ದುರಸ್ತಿ ಯಾವುದೆಂದು ಕೇಳುವುದಿಲ್ಲ. ತಂಪು ಹೆಂಚಿಗೂ ಅಮೃತಶಿಲೆಯ ನೆಲಕ್ಕೂ ಒಂದೇ ಲೆಕ್ಕ. ಸಾಲ ಮಾಡದೆ ಕೈಯ ಹಣ ಹಾಕಿದವನಿಗೆ ಅದೂ ಇಲ್ಲ. ವಿದ್ಯುತ್ ವಾಹನಕ್ಕೆಂದು 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳ ಬಡ್ಡಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗಳ ವಿನಾಯಿತಿ ದೊರೆಯಿತು. ವಾಹನಕ್ಕೆ ಸಿಕ್ಕ ಈ ಗೌರವ ವಾಸದ ಮನೆಯನ್ನು ತಂಪಾಗಿಡುವ ಕೆಲಸಕ್ಕೆ ಸಿಗಲಿಲ್ಲ. ಉಡುಪಿ ಹೋಟೆಲಿನ ಮಾಲೀಕರೊಬ್ಬರು ತಮ್ಮ ಹೋಟೆಲಿನ ಚಾವಣಿಯ ಮೇಲೆ ಸೌರ ಫಲಕ ಹಾಕಿಸಿದರೆ ವ್ಯಾಪಾರದ ಲೆಕ್ಕದಲ್ಲಿ ಶೇಕಡಾ 40ರ ದರದಲ್ಲಿ ಸವಕಳಿ ತೋರಿಸಬಹುದು. ಅದೇ ಫಲಕವನ್ನು ತಮ್ಮ ಮನೆಯ ಮೇಲೆ ಹಾಕಿಸಿದರೆ ಆದಾಯ ತೆರಿಗೆಯ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಕೇಂದ್ರ ಸರ್ಕಾರ ತೆರಿಗೆಯ ದಾರಿಯನ್ನು ಬಿಟ್ಟು ನೇರ ಸಹಾಯಧನದ ದಾರಿಯನ್ನು ಹಿಡಿದಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೊವ್ಯಾಟಿನ ಸೌರ ಫಲಕಕ್ಕೆ 30,000 ರೂ., ಎರಡಕ್ಕೆ 60,000 ರೂ., ಮೂರು ಅಥವಾ ಅದಕ್ಕೂ ಹೆಚ್ಚಿನದಕ್ಕೆ 78,000 ರೂ. ನಿಗದಿಯಾಯಿತು. ವಸತಿ ಸಮುಚ್ಚಯಗಳ ಸಾಮಾನ್ಯ ಉಪಯೋಗಕ್ಕೆ ಕಿಲೊವ್ಯಾಟಿಗೆ 18,000 ರೂ. ಇದು ನಿಜಕ್ಕೂ ಶ್ಲಾಘನೀಯ ಕ್ರಮ. 2025ರ ಸೆಪ್ಟೆಂಬರ್ 22ರಿಂದ ಸೌರ ಸಾಧನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಸ್ವಂತ ಚಾವಣಿಯೂ ಕೈಯಲ್ಲಿ ಸ್ವಲ್ಪ ಬಂಡವಾಳವೂ ಇರುವ ಗೃಹಸ್ಥರು ಇದನ್ನು ಉಪಯೋಗಿಸಿಕೊಳ್ಳದಿರುವುದು ಅವಿವೇಕವೇ ಸರಿ. ಅದೇ ದಿನ ಹವಾನಿಯಂತ್ರಕಗಳ ತೆರಿಗೆಯೂ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅಲ್ಲಿ ಮಾತ್ರ ಐದು ನಕ್ಷತ್ರದ ಯಂತ್ರಕ್ಕೂ ಒಂದು ನಕ್ಷತ್ರದ ಯಂತ್ರಕ್ಕೂ ಭೇದವೆಣಿಸಲಿಲ್ಲ. 2006ರಿಂದ ನಕ್ಷತ್ರದ ಚೀಟಿ ಅಂಟಿಸುತ್ತ ಬಂದ ಸರ್ಕಾರವೇ ತೆರಿಗೆ ಇಳಿಸುವಾಗ ಆ ಚೀಟಿಯನ್ನು ಓದದೆ ಹೋದದ್ದು ವಿಚಿತ್ರ.

ಇಷ್ಟರಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶಕ್ತಿಯನ್ನು ಉತ್ಪಾದಿಸುವ ಸಾಧನಕ್ಕೂ ಅದನ್ನು ವ್ಯಯಿಸುವ ಯಂತ್ರಕ್ಕೂ ರಿಯಾಯಿತಿ ಇದೆ. ಶಕ್ತಿಯ ಅಗತ್ಯವನ್ನೇ ತಗ್ಗಿಸುವ ಮನೆಯ ಸುಧಾರಣೆಗೆ, ಎಂದರೆ ಚಾವಣಿಯನ್ನು ತಂಪಾಗಿಡುವ ಕೆಲಸಕ್ಕೆ, ಗೃಹಸ್ಥನಿಗೆ ಯಾವ ರಿಯಾಯಿತಿಯೂ ಇಲ್ಲ. ಚೆನ್ನೈಯಂತಹ ಊರಿನಲ್ಲಿ ಇದು ಕೇವಲ ಹಣದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಕತ್ತರಿ ಬಿಸಿಲಿನ ದಿನಗಳನ್ನು ಈ ಊರಿನ ಕನ್ನಡಿಗರಿಗೆ ವರ್ಣಿಸಿ ಹೇಳಬೇಕಾಗಿಲ್ಲ. 2003ರ ಮೇ 31ರಂದು ನುಂಗಂಬಾಕ್ಕಂನಲ್ಲಿ ದಾಖಲಾದ 45 ಡಿಗ್ರಿ ಸೆಲ್ಸಿಯಸ್ ಅನ್ನು ಹಳಬರು ಇನ್ನೂ ನೆನೆಯುತ್ತಾರೆ. ಆದರೆ ಹಗಲಿನ ಬಿಸಿಲಿಗಿಂತ ಅಪಾಯಕರವಾದದ್ದು ರಾತ್ರಿಯ ಸೆಕೆ. ಮೇಲಂತಸ್ತಿನ ಕಾಂಕ್ರೀಟು ಚಾವಣಿ ಹಗಲೆಲ್ಲ ಬಿಸಿಲನ್ನು ಹೀರಿ ಇಟ್ಟುಕೊಂಡು, ಸಂಜೆಯ ಕಡಲಗಾಳಿ ಬೀದಿಯನ್ನು ತಣಿಸಿದ ಬಳಿಕವೂ ನಡುರಾತ್ರಿಯವರೆಗೆ ಕೋಣೆಯೊಳಕ್ಕೆ ಶಾಖವನ್ನು ಇಳಿಸುತ್ತಲೇ ಇರುತ್ತದೆ. ದೇಹ ತನ್ನ ಹಗಲಿನ ಆಯಾಸವನ್ನು ಕಳೆದುಕೊಳ್ಳಬೇಕಾದದ್ದು ಆ ಹೊತ್ತಿನಲ್ಲಿಯೇ. ಕೊಠಡಿಯ ಉಷ್ಣತೆ ಹಗಲು 32, ಇರುಳು 24 ಡಿಗ್ರಿಗಿಂತ ಕೆಳಗಿರಲಿ, ವಿಶೇಷವಾಗಿ ಶಿಶುಗಳಿಗೂ ಅರವತ್ತು ಮೀರಿದವರಿಗೂ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇ ತಿಂಗಳ ಮಾಂಬಲದಲ್ಲಿ ಇರುಳಿನ 24 ಡಿಗ್ರಿ ಎಂಬುದು ಕನಸೇ ಆದರೂ, ಆ ಕನಸಿಗೂ ವಾಸ್ತವಕ್ಕೂ ಇರುವ ಅಂತರವೇ ವೃದ್ಧರ ಕಷ್ಟದ ಅಳತೆ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಬೆವರುವ ಶಕ್ತಿಯೂ ಕುಗ್ಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರವರ್ಧಕ ಗುಳಿಗೆ ನುಂಗುವವರಲ್ಲಿ ನೀರು, ಲವಣಗಳ ಸಮತೋಲ ಬೇಗ ಕೆಡುತ್ತದೆ. ಬೇಸಗೆ ಬರುವುದಕ್ಕೆ ಮೊದಲೇ ಇಂತಹ ಔಷಧಿಗಳ ಪ್ರಮಾಣವನ್ನು ವೈದ್ಯರಲ್ಲಿ ವಿಚಾರಿಸಿಕೊಳ್ಳುವುದು ಲೇಸು. ತಾವಾಗಿಯೇ ನಿಲ್ಲಿಸುವುದು ಮಾತ್ರ ಸಲ್ಲದು. ಫ್ಯಾನು ಇದೆಯಲ್ಲ ಎಂಬ ಧೈರ್ಯವೂ ಒಂದು ಮಿತಿಯವರೆಗೆ ಮಾತ್ರ. ಕೋಣೆಯ ಗಾಳಿ 40 ಡಿಗ್ರಿ ಮೀರಿದಾಗ ಫ್ಯಾನಿನ ಗಾಳಿ ಶರೀರವನ್ನು ತಂಪುಗೊಳಿಸುವ ಬದಲು ಕಾಯಿಸುತ್ತದೆ. ತಮಿಳುನಾಡು ಸರ್ಕಾರ 2024ರ ಅಕ್ಟೋಬರಿನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ, ಅದರಿಂದ ಮಡಿದವರ ಕುಟುಂಬಕ್ಕೆ 4 ಲಕ್ಷ ರೂ. ಪರಿಹಾರ ಗೊತ್ತುಮಾಡಿತು. ಸತ್ತಮೇಲೆ ಕೊಡುವ ಹಣದ ನೂರರಲ್ಲೊಂದು ಪಾಲನ್ನು ಬದುಕಿರುವಾಗ ಅವರ ಚಾವಣಿಗೆ ಕೊಟ್ಟರೆ ಹೇಗೆ ಎಂದು ಕೇಳುವುದು ಅನುಚಿತವಾಗಲಾರದು.

ಚಾವಣಿಯನ್ನು ತಂಪಾಗಿಡುವ ವಿದ್ಯೆ ಈ ಊರಿಗೆ ಹೊಸದಲ್ಲ. ತಿರುವಲ್ಲಿಕ್ಕೇಣಿ, ಮೈಲಾಪುರಗಳ ಹಳೆಯ ಮನೆಗಳಲ್ಲಿ ಈಗಲೂ ಅಲ್ಲಲ್ಲಿ ಉಳಿದಿರುವ ‘ಮದ್ರಾಸ್ ಟೆರೇಸ್’ ಎಂಬ ಚಾವಣಿಯೇ ಇದಕ್ಕೆ ಸಾಕ್ಷಿ. ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರವನ್ನು ಬಡಿದು ಕೂರಿಸಿ, ಮೇಲೆ ಚಪ್ಪಟೆ ಹೆಂಚು ಹಾಸುತ್ತಿದ್ದರು. ಆ ದಪ್ಪ ಪದರಗಳನ್ನು ದಾಟಿ ಬಿಸಿಲು ಒಳಗಿಳಿಯುವುದರೊಳಗೆ ಸಂಜೆಯಾಗುತ್ತಿತ್ತು. ಕಾಂಕ್ರೀಟು ಬಂದ ಮೇಲೂ ಸುಣ್ಣ-ಜಲ್ಲಿಯ ಪದರವನ್ನೂ ಹೆಂಚನ್ನೂ ಹಾಕುವ ರೂಢಿ ಬಹುಕಾಲ ಉಳಿದಿತ್ತು. ಖರ್ಚು ಉಳಿಸುವ ಆತುರದಲ್ಲಿ ಅದನ್ನು ಕೈಬಿಟ್ಟ ಕಟ್ಟಡಗಳಲ್ಲಿಯೇ ಮೇಲಂತಸ್ತಿನವರು ಹೆಚ್ಚು ಬೇಯುತ್ತಾರೆ. ಈಗ ಬಿಳಿಯ ಹೆಂಚು, ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿಯ ಬಣ್ಣ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅದೂ ದುಬಾರಿಯೆನಿಸಿದರೆ ಅಂಟು ಬೆರೆಸಿದ ಸುಣ್ಣವೇ ಸಾಕು. ಅದರಿಂದಲೇ ಕೆಳಗಿನ ಕೋಣೆ ಎರಡು ಮೂರು ಡಿಗ್ರಿಗಳಷ್ಟು ತಣ್ಣಗಾಗುವುದುಂಟು. ಸಂಡಿಗೆ, ಹಪ್ಪಳ ಒಣಗಿಸುವ ಗೃಹಿಣಿಯರಿಗೆ ಬಿಳಿಯ ಚಾವಣಿಯ ಪ್ರಖರ ಬೆಳಕು ಕಣ್ಣು ಕುಕ್ಕಬಹುದೆಂಬುದೊಂದೇ ಅದರ ಮೇಲಿನ ದೂರು.

ಇಷ್ಟು ಸುಲಭದ ಕೆಲಸ ಏಕೆ ನಡೆಯುವುದಿಲ್ಲ? ಚೆನ್ನೈಯ ಫ್ಲಾಟುಗಳಲ್ಲಿ ಚಾವಣಿ ಎಲ್ಲರ ಆಸ್ತಿ, ಆದರೆ ಸೆಕೆ ಮಾತ್ರ ಮೇಲಂತಸ್ತಿನವರದು. ನೆಲಮಟ್ಟದ ಮನೆಯವರು ತಮ್ಮ ಪಾಲಿನ ಹಣ ಕೊಡಲು ಹಿಂದೆಗೆಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಬಾಡಿಗೆ ಮನೆಗಳಲ್ಲಿಯೂ ಇದೇ ಕಥೆ. ಚಾವಣಿ ಮಾಲೀಕರದು, ವಿದ್ಯುತ್ ಬಿಲ್ಲು ಬಾಡಿಗೆದಾರರದು. ಸುಣ್ಣ ಬಳಿಸಿದವರಿಗೆ ಲಾಭವಿಲ್ಲ, ಲಾಭ ಪಡೆಯುವವರಿಗೆ ಬಳಿಸುವ ಅಧಿಕಾರವಿಲ್ಲ.

ಈ ಗಂಟನ್ನು ಬಿಡಿಸಬಲ್ಲದ್ದು ಆದಾಯ ತೆರಿಗೆಯಲ್ಲ, ಆಸ್ತಿ ತೆರಿಗೆ. ಪಿಂಚಣಿದಾರನಾಗಲಿ, ವ್ಯಾಪಾರಿಯಾಗಲಿ, ಮನೆಯುಳ್ಳವರು ಅದನ್ನು ವರ್ಷಕ್ಕೆ ಎರಡು ಬಾರಿ ಕಟ್ಟಲೇಬೇಕು. ಚಾವಣಿಯನ್ನು ತಂಪುಗೊಳಿಸಿದ ಕಟ್ಟಡದ ಎಲ್ಲ ಫ್ಲಾಟುಗಳಿಗೂ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ದೊರೆತರೆ, ನೆಲಮಟ್ಟದ ಮನೆಯವರಿಗೂ ಒಪ್ಪಿಗೆ ಕೊಡಲು ಕಾರಣವೊಂದು ಸಿಗುತ್ತದೆ. ಬಾಡಿಗೆಗೆ ಕೊಟ್ಟ ಮಾಲೀಕರಿಗೆ ರಿಯಾಯಿತಿ, ಬಾಡಿಗೆದಾರರಿಗೆ ತಂಪು. ಇದು ಕೇವಲ ಕಲ್ಪನೆಯಲ್ಲ. ಪುಣೆಯ ನಗರಪಾಲಿಕೆ ಸೌರಶಕ್ತಿ, ಮಳೆನೀರು ಸಂಗ್ರಹ ಮುಂತಾದವನ್ನು ಅಳವಡಿಸಿದ ಮನೆಗಳಿಗೆ ಆಸ್ತಿ ತೆರಿಗೆಯಲ್ಲಿ ಶೇಕಡಾ 5ರಿಂದ 10ರವರೆಗೆ ರಿಯಾಯಿತಿ ನೀಡುವ ಕ್ರಮವನ್ನು ತಂದಿತು. ಬೆಂಗಳೂರಿನಲ್ಲಿ ಸೌರ ಶಾಖದಿಂದ ನೀರು ಕಾಯಿಸುವ ಮನೆಗಳಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ದೊರೆಯುತ್ತಿದ್ದುದನ್ನು ಅಲ್ಲಿ ಬಂಧುಗಳಿರುವವರು ಬಲ್ಲರು. ಚೆನ್ನೈ ಕಾರ್ಪೊರೇಷನ್ನಿಗೂ ರಿಯಾಯಿತಿ ಅಪರಿಚಿತವಲ್ಲ. ಅರ್ಧವರ್ಷದ ಮೊದಲಲ್ಲೇ ತೆರಿಗೆ ಕಟ್ಟಿದವರಿಗೆ 5,000 ರೂ. ಮೀರದಂತೆ ಶೇಕಡಾ 5ನ್ನು ಬಿಟ್ಟುಕೊಡುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಬೇಗ ಕಟ್ಟಿದ ಪುಣ್ಯಕ್ಕೆ ಸಿಗುವುದು ಚಾವಣಿ ತಣಿಸಿದ ಪುಣ್ಯಕ್ಕೂ ಸಿಗಬಾರದೆ?

ರಿಯಾಯಿತಿಗಿಂತ ಕಾನೂನಿನ ಕಡ್ಡಾಯವೇ ಮೇಲು ಎನ್ನುವವರೂ ಇದ್ದಾರೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಯ ನೀತಿಯನ್ನು ಪ್ರಕಟಿಸಿ ದೊಡ್ಡ ಕಟ್ಟಡಗಳಿಗೆ ಅದನ್ನು ಕಡ್ಡಾಯಗೊಳಿಸಿತು. ಹೊಸ ಕಟ್ಟಡಗಳಿಗೆ ಅದು ಸರಿ. ಹಳೆಯ ಮನೆಗಳ ವಿಷಯದಲ್ಲಿ ಚೆನ್ನೈಯ ಅನುಭವ ಬೇರೆಯ ಪಾಠ ಹೇಳುತ್ತದೆ. 2003ರಲ್ಲಿ ಮಳೆನೀರಿನ ಸಂಗ್ರಹ ಎಲ್ಲ ಕಟ್ಟಡಗಳಿಗೂ ಕಡ್ಡಾಯವಾದಾಗ ಊರಿಗೆ ಊರೇ ಗುಂಡಿ ತೋಡಿತು. ಬಾವಿಗಳಲ್ಲಿ ನೀರೂ ಏರಿತು. ಆದರೆ ಒಮ್ಮೆ ತೋರಿಸಿ ಮುಗಿಸಿದ ಕೆಲಸವಾದ್ದರಿಂದ ಅನೇಕ ಕಡೆ ಗುಂಡಿಗಳು ಹೂಳು ತುಂಬಿ ನಿಂತವು. 2019ರ ಬರದಲ್ಲಿ ಆ ಉಪೇಕ್ಷೆಯ ಫಲವನ್ನು ಎಲ್ಲರೂ ಉಂಡರು. ಸುಣ್ಣದ ಬಿಳುಪು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಮಳೆಗೆ ತೊಳೆದುಹೋಗುವಂಥದು. ಅದನ್ನು ವರ್ಷವರ್ಷವೂ ನವೀಕರಿಸಬೇಕಾದರೆ, ಪ್ರೋತ್ಸಾಹವೂ ವರ್ಷವರ್ಷ ಬರಬೇಕು. ಒಂದು ಛಾಯಾಚಿತ್ರ, ಬಣ್ಣದ ರಸೀದಿ, ಸಂದೇಹ ಬಂದಲ್ಲಿ ಅಧಿಕಾರಿಯ ಭೇಟಿ - ಇದಕ್ಕಿಂತ ಹೆಚ್ಚಿನ ಕಾಗದಪತ್ರ ಬೇಕಾಗದು.

ಕಾರ್ಪೊರೇಷನ್ನಿನ ಆದಾಯ ಕುಗ್ಗುವುದೆಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದ್ದರಿಂದ ಮೊದಲ ಹಂತದಲ್ಲಿ ಅರವತ್ತು ಮೀರಿದವರು ವಾಸಿಸುವ, ಹವಾನಿಯಂತ್ರಕವಿಲ್ಲದ ಮೇಲಂತಸ್ತಿನ ಮನೆಗಳುಳ್ಳ ಕಟ್ಟಡಗಳಿಗೆ ಮಾತ್ರ ಇದನ್ನು ಕೇಳುವುದು ನ್ಯಾಯವೂ ಹೌದು, ಸಾಧ್ಯವೂ ಹೌದು. ಅಹಮದಾಬಾದು 2010ರ ಭೀಕರ ಬೇಸಗೆಯ ನಂತರ 2013ರಲ್ಲಿ ತಾಪ ನಿವಾರಣೆಯ ಯೋಜನೆಯೊಂದನ್ನು ರೂಪಿಸಿದ್ದು ಸಾವುನೋವನ್ನು ಕಂಡ ಮೇಲೆ. ಚೆನ್ನೈ ಅಷ್ಟು ಕಾಯಬೇಕಾಗಿಲ್ಲ.

ರಿಯಾಯಿತಿ ಬರುವವರೆಗೆ ಗೃಹಸ್ಥರು ಕೈಕಟ್ಟಿ ಕೂರಬೇಕಾಗಿಲ್ಲವೆಂಬುದನ್ನು ವಿದ್ಯುತ್ ಬಿಲ್ಲೇ ಹೇಳುತ್ತದೆ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಉಚಿತ. ಆದರೆ 500ರ ಗೆರೆಯನ್ನು ದಾಟಿದೊಡನೆ ಕೆಳಗಿನ ಯೂನಿಟ್ಟುಗಳ ದರವೂ ಬದಲಾಗುತ್ತದೆ. 2022ರ ಸೆಪ್ಟೆಂಬರಿನ ದರದಂತೆ 500 ಯೂನಿಟ್ಟಿಗೆ 1,725 ರೂ. ಆದರೆ, 510ಕ್ಕೆ 2,030 ರೂ. ಆಗುತ್ತಿತ್ತು, ಹತ್ತೇ ಯೂನಿಟ್ಟಿಗೆ 305 ರೂಪಾಯಿ. ದರಗಳು ಆಮೇಲೆ ಇನ್ನಷ್ಟು ಏರಿವೆ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಹೊಸ ಬಗೆಯ ಫ್ಯಾನು ದಿನಕ್ಕೆ 15 ಗಂಟೆ ತಿರುಗಿದರೆ ಎರಡು ತಿಂಗಳಿಗೆ ಸುಮಾರು 40 ಯೂನಿಟ್ ಉಳಿಯುತ್ತದೆ. ಮೂರು ಫ್ಯಾನುಗಳುಳ್ಳ ಮನೆ ಆ ಗೆರೆಯ ಈಚೆಗೆ ನಿಲ್ಲಲು ಇಷ್ಟೇ ಸಾಕಾಗಬಹುದು.

ಚೆನ್ನೈಯ ಕನ್ನಡ ಸಂಘಗಳು ನಾಟಕ, ಹರಿಕಥೆ, ಆರೋಗ್ಯ ತಪಾಸಣೆಯ ಶಿಬಿರಗಳನ್ನು ನಡೆಸುವಲ್ಲಿ ಹಿಂದೆ ಬಿದ್ದಿಲ್ಲ. ಇತರ ಭಾಷಾ ಸಂಘಗಳನ್ನೂ ಫ್ಲಾಟುಗಳ ಮಾಲೀಕರ ಸಂಘಗಳನ್ನೂ ಕೂಡಿಸಿಕೊಂಡು ಕಾರ್ಪೊರೇಷನ್ನಿಗೆ ಒಂದು ಮನವಿ ಸಲ್ಲಿಸುವುದು ಅವುಗಳ ಶಕ್ತಿಗೆ ಮೀರಿದ್ದಲ್ಲ. ಮುಂದಿನ ಆಯವ್ಯಯ ಸಿದ್ಧವಾಗುವ ಮೊದಲೇ, ಸಂಕ್ರಾಂತಿಯ ಹೊತ್ತಿಗೆ, ಅದು ಮೇಯರರ ಕೈ ಸೇರಬೇಕು. ಸುಣ್ಣದ ಕೆಲಸವನ್ನು ಯುಗಾದಿಯೊಳಗೆ ಮುಗಿಸುವುದು ಒಳ್ಳೆಯದು; ಬಳಿಯುವವರು ಕಣ್ಣಿಗೆ ಕನ್ನಡಕ, ಕೈಗೆ ಚೀಲ ಧರಿಸುವುದನ್ನು ಮರೆಯಬಾರದು, ಚಾವಣಿಯ ಮೇಲಿನ ಕಪ್ಪು ನೀರಿನ ತೊಟ್ಟಿಗೂ ಎರಡು ಕೈ ಬಿಳಿ ಬಣ್ಣ ಬಳಿಸಬೇಕು.