ಕುಡುಕನ ಉದಾಹರಣೆಯನ್ನು ಕೈಬಿಡೋಣ

ಹತ್ತನೇ ತರಗತಿಯ 'ನಿಯಂತ್ರಣ ಮತ್ತು ಸಹಭಾಗಿತ್ವ' ಘಟಕಕ್ಕೆ ನಾನು ಬರೆದ ಪಾಠ ಯೋಜನೆಯಲ್ಲಿ ಅನುಮಸ್ತಿಷ್ಕಕ್ಕೆ ಒಂದೇ ಉದಾಹರಣೆ ಇತ್ತು: ಕುಡಿದವನು ತೂರಾಡುತ್ತ ನಡೆಯುವುದು. ನಮ್ಮಲ್ಲಿ ಬಹಳ ಜನ ಪ್ರಶಿಕ್ಷಣಾರ್ಥಿಗಳು ಇದನ್ನೇ ಬಳಸುತ್ತೇವೆ. ನಾನಂತೂ ನಾಲ್ಕು ಹೆಜ್ಜೆ ತೂರಾಡಿಯೂ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಒಬ್ಬ ಹುಡುಗ ಎದ್ದ. "ಮಿಸ್, ನಮ್ಮಜ್ಜನ ಕೈ ಸುಮ್ನೆ ಕೂತಾಗ್ಲೇ ನಡುಗುತ್ತೆ. ಅವರು ಕುಡಿಯಲ್ಲ, ಆದ್ರೂ ಊರಲ್ಲಿ ಎಲ್ಲರೂ ಕುಡೀತಾರೆ ಅಂತಾರೆ. ಅವರ ಅನುಮಸ್ತಿಷ್ಕ ಹಾಳಾಗಿದ್ಯಾ?"

"ಹೌದು, ಇರಬಹುದು" ಎಂದುಬಿಟ್ಟೆ. ವೀಕ್ಷಣಾ ನಮೂನೆಯಲ್ಲಿ 'ವಿದ್ಯಾರ್ಥಿಗಳ ಪ್ರಶ್ನೆಗೆ ಸ್ಪಂದನೆ: ಉತ್ತಮ' ಎಂದು ಬಂತು.

ಆ ಉತ್ತರ ತಪ್ಪಿರಬೇಕು ಎಂದು ರಾತ್ರಿ ಬಿಎಸ್ಸಿಯ ಶರೀರಕ್ರಿಯಾಶಾಸ್ತ್ರದ ಪುಸ್ತಕ ತೆರೆದಾಗ ಹೊಳೆಯಿತು. ಚಹಾದ ಲೋಟ ಎತ್ತುವುದನ್ನೇ ತೆಗೆದುಕೊಳ್ಳಿ. ಆಜ್ಞೆ ಮಹಾಮಸ್ತಿಷ್ಕದಿಂದ ಹೊರಡುತ್ತದೆ. ಮೆಡುಲ್ಲಾದ ಕೆಳತುದಿಯಲ್ಲಿ ಹೆಚ್ಚಿನ ನರತಂತುಗಳು ಎದುರು ಬದಿಗೆ ದಾಟಿ, ಮೆದುಳುಬಳ್ಳಿಯಲ್ಲಿ ಇಳಿಯುತ್ತವೆ. ಅಲ್ಲಿಂದ ಬೇರೆ ನರಕೋಶಗಳು ಆಜ್ಞೆಯನ್ನು ಸ್ನಾಯುಗಳಿಗೆ ಮುಟ್ಟಿಸುತ್ತವೆ. ಮೆದುಳಿನ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದರೆ ಬಲಗೈ ಬಲಗಾಲು ಸೋಲುವುದು ಇದಕ್ಕೇ. ಅನುಮಸ್ತಿಷ್ಕ ಈ ಆಜ್ಞೆಯನ್ನೂ ಕೈಯ ನಿಜವಾದ ಚಲನೆಯನ್ನೂ ಹೋಲಿಸಿ ತಿದ್ದುತ್ತ ಇರುತ್ತದೆ. ಅದು ಕೆಟ್ಟರೆ ಕೈ ಲೋಟದ ಹತ್ತಿರ ಹೋದಷ್ಟೂ ನಡುಕ ಹೆಚ್ಚುತ್ತದೆ, ಗುರಿ ತಪ್ಪುತ್ತದೆ.

ಸುಮ್ಮನೆ ತೊಡೆಯ ಮೇಲಿಟ್ಟ ಕೈ ನಡುಗುವುದು ಬೇರೆ ದಾರಿಯ ತೊಂದರೆ. ಮಹಾಮಸ್ತಿಷ್ಕದ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಯಾವ ಚಲನೆ ಶುರುವಾಗಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದರಲ್ಲಿ ಅವುಗಳ ಪಾತ್ರ ದೊಡ್ಡದು. ಅವಕ್ಕೆ ಮಧ್ಯಮೆದುಳಿನ ಕೆಲವು ಕೋಶಗಳಿಂದ ಡೋಪಮೈನ್ ಬರುತ್ತದೆ. ಆ ಕೋಶಗಳು ಸಾಯುತ್ತ ಹೋಗುವುದೇ ಪಾರ್ಕಿನ್ಸನ್ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಇದನ್ನು ವರ್ಣಿಸಿದ್ದ. ಚಲನೆ ನಿಧಾನವಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ವಿಶ್ರಾಂತಿಯಲ್ಲಿರುವ ಕೈ ನಡುಗುತ್ತದೆ, ಏನಾದರೂ ಹಿಡಿಯಲು ಹೋದಾಗ ಆ ನಡುಕ ಹಲವರಲ್ಲಿ ಕಡಿಮೆಯಾಗುತ್ತದೆ. 'ಸುಮ್ನೆ ಕೂತಾಗ್ಲೇ' ಎಂಬ ಮಾತಿನಲ್ಲಿ ಹುಡುಗ ಸುಳಿವು ಕೊಟ್ಟಿದ್ದ. ನೋಡಿದವನು ಅವನು, ಕೇಳಿಸಿಕೊಳ್ಳದವಳು ನಾನು.

ಬೇಸಲ್ ಗ್ಯಾಂಗ್ಲಿಯಾ ಪಠ್ಯದಲ್ಲಿಲ್ಲ, ಅದನ್ನು ಪರೀಕ್ಷೆಗೆ ಸೇರಿಸಿ ಎಂದೂ ನಾನು ಹೇಳುತ್ತಿಲ್ಲ. ನನ್ನ ತಕರಾರು ನಾವು ಕಲಿಸುವ ರೀತಿಯ ಬಗ್ಗೆ. ಭಾಗದ ಹೆಸರು, ಎದುರಿಗೆ ಒಂದು ಕೆಲಸ, ಹೊಂದಿಸಿ ಬರೆಯಿರಿ. ಪೂರ್ಣ ಅಂಕ ತೆಗೆದ ಮಗು ಕೂಡ, ಬಿಎಸ್ಸಿ ಮುಗಿಸಿದ ನನ್ನ ಹಾಗೆಯೇ, ನಡುಕವೆಂದರೆ ಅನುಮಸ್ತಿಷ್ಕ ಎಂದುಕೊಂಡು ಹೊರಬರುತ್ತದೆ. ಕುಡುಕನ ಉದಾಹರಣೆ ವೈಜ್ಞಾನಿಕವಾಗಿ ಸುಳ್ಳಲ್ಲ. ಮದ್ಯ ಅನುಮಸ್ತಿಷ್ಕದ ಕೆಲಸವನ್ನು ಕೆಡಿಸುತ್ತದೆ. ಆದರೆ ನಡುಗುವವರನ್ನು, ತೂರಾಡುವವರನ್ನು ಊರು ಆಗಲೇ ಕುಡುಕರು ಅನ್ನುತ್ತಿರುವಾಗ, ತರಗತಿಯಲ್ಲಿ ನಾವೂ ಅದಕ್ಕೆ ಮುದ್ರೆ ಒತ್ತಬೇಕೆ?

ಬದಲಿಗೆ ಮಕ್ಕಳನ್ನು ಜೋಡಿಯಾಗಿ ಕೂರಿಸಿ. ಒಬ್ಬರು ಬೆರಳು ಚಾಚಲಿ, ಇನ್ನೊಬ್ಬರು ತನ್ನ ಮೂಗನ್ನೂ ಆ ಬೆರಳನ್ನೂ ಸರದಿಯಂತೆ ಮುಟ್ಟಲಿ. ಅನುಮಸ್ತಿಷ್ಕವನ್ನು ಪರೀಕ್ಷಿಸಲು ವೈದ್ಯರೂ ಇದನ್ನೇ ಮಾಡಿಸುತ್ತಾರೆ. ಐದು ನಿಮಿಷ ಸಾಕು, ಖರ್ಚಿಲ್ಲ. "ಚಿತ್ರ ಯಾವಾಗ ಬಿಡಿಸ್ತೀರಿ?" ಎಂದು ಶಾಲೆಯ ಮಾರ್ಗದರ್ಶಕ ಶಿಕ್ಷಕಿ ಕೇಳಿದರು. ಮೂರು ವಿಭಾಗಗಳಿಗೆ ಪಾಠ ಮುಗಿಸಬೇಕಾದ ಅವರ ಚಿಂತೆ ನ್ಯಾಯವಾದದ್ದೇ. ಆದರೆ ಅದೇ ಚಿತ್ರದ ಮೇಲೆ ಬಣ್ಣದ ಸೀಮೆಸುಣ್ಣದಿಂದ ಆಜ್ಞೆಯ ದಾರಿಗೆ ಬಾಣ ಹಾಕಲು ಬೇರೆ ಅವಧಿ ಬೇಕಾಗಲಿಲ್ಲ.

ಎರಡು ದಿನದ ನಂತರ ತರಗತಿಯಲ್ಲಿ ನನ್ನ ಉತ್ತರ ತಪ್ಪೆಂದು ಹೇಳಿದೆ. ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳು, ಹೀಗೆ ನಡುಕಕ್ಕೆ ಕಾರಣಗಳು ಹಲವು. ಯಾವುದೆಂದು ಡಾಕ್ಟರೇ ನೋಡಿ ಹೇಳಬೇಕು ಎಂದೂ ಹೇಳಿದೆ.

"ಪಾರ್ಕಿನ್ಸನ್ ಆಗಿದ್ರೆ ಮಾತ್ರೆ ಇದ್ಯಾ ಮಿಸ್?"

ಇದೆ. ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ. ಕಾಯಿಲೆ ನಿಲ್ಲುವುದಿಲ್ಲ, ಆದರೆ ಲಕ್ಷಣಗಳು ತಗ್ಗುತ್ತವೆ. ಹುಡುಗ ನೋಟ್ಸಿನ ಕೊನೆಯ ಹಾಳೆ ತೆರೆದು ಮುಂದೆ ಹಿಡಿದ. ಯಾವ ಡಾಕ್ಟರಿಗೆ ತೋರಿಸಬೇಕೆಂದು ಬರೆದುಕೊಡಬೇಕಂತೆ. 'ನರರೋಗ ತಜ್ಞರು' ಎಂದು ಬರೆದುಕೊಟ್ಟೆ.